ಎಂಟು ಹಗ್ಗ

ಸುಬ್ಬಪ್ಪನಿಗೆ ಅಕ್ಷರ ಅಷ್ಟಕ್ಕಷ್ಟೆ. ಎರಡನೇ ಕ್ಲಾಸಿನಲ್ಲಿ ಎಮ್ಮೆ ಕಾಯಲು ಬಿಡಿಸಿದ ಮೇಲೆ ಶಾಲೆಯ ಕಡೆ ತಿರುಗಿ ನೋಡಿದವನಲ್ಲ. ಆದರೂ ಅರವತ್ತೆಂಟನೇ ವಯಸ್ಸಿನಲ್ಲಿ ಅವನು ಐದನೇ ಕ್ಲಾಸು ಓದುತ್ತಿದ್ದ ಅಂದರೆ ಸುಳ್ಳಾಗಲಾರದು. ಮೊಮ್ಮಗಳು ರಮ್ಯಳ ಪುಸ್ತಕದಲ್ಲಿ ಪಾಠ ಮುಗಿಯುತ್ತಲೂ 'ಮನೆಯ ಹಿರಿಯರನ್ನು ಕೇಳಿ ಬರೆ' ಅಂತ ಒಂದು ಸಾಲು ಬರುತ್ತದಲ್ಲ, ಆ ಹಿರಿಯರು ಅಂದರೆ ಇವನೇ. ಸಂಜೆಯಾಗುತ್ತಿದ್ದಂತೆ ಅವಳು ಜಗಲಿಯ ಮೇಲೆ ಪುಸ್ತಕ ಹರಡಿಕೊಂಡು "ಅಜ್ಜ, ಒಂದು ಪ್ರಶ್ನೆ" ಅನ್ನಬೇಕು. ಇವನು ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ದೊಡ್ಡ ಮನುಷ್ಯನ ಹಾಗೆ ಕೂರಬೇಕು. ಗುಡವಿ ಕಡೆಯ ಹಕ್ಕಿಗಳು ನಮ್ಮ ಕೆರೆಗೆ ಯಾವ ತಿಂಗಳಲ್ಲಿ ಇಳಿಯುತ್ತವೆ, ಅಂಜನಾಪುರದ ಡ್ಯಾಮಿನ ನೀರು ನಮ್ಮೂರಿಗೆ ಯಾಕೆ ಹತ್ತುವುದಿಲ್ಲ, ಹಿಂದೆ ಯಾವ ಯಾವ ಭತ್ತ ಬೆಳೆಯುತ್ತಿದ್ದರು, ಎಲ್ಲಕ್ಕೂ ಅವನ ಬಾಯಲ್ಲಿ ಉತ್ತರ ಸಿದ್ಧ. ನಾಗವೇಣಿ ಮೇಡಂ ಆ ಉತ್ತರಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಕಳಿಸುತ್ತಿದ್ದರು. ರಮ್ಯ ಅದನ್ನು ತಂದು ತೋರಿಸಿದಾಗ "ಈ ಗುರುತು ನಿಂದಾ ನಂದಾ?" ಅಂತ ಕೇಳುತ್ತಿದ್ದ. "ಇಬ್ರುದೂ" ಅನ್ನುತ್ತಿದ್ದಳು ಅವಳು.

ಎದುರು ಮನೆಯ ಮಾರಪ್ಪನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. "ನನ್ನೂ ಒಂದ್ಸಲ ಕೇಳೇ ಕೂಸೇ, ನಾನೇನು ನಿಮ್ಮಜ್ಜನಿಗಿಂತ ಸಣ್ಣೋನಾ?" ಎಂದು ಅಲ್ಲಿಂದಲೇ ಕೂಗುತ್ತಿದ್ದ.

"ಅವನ್ನ ಕೇಳಬ್ಯಾಡ ಪುಟ್ಟಿ" ಎಂದು ಸುಬ್ಬಪ್ಪ ಅವನಿಗೆ ಕೇಳಿಸುವ ಹಾಗೇ ಹೇಳುತ್ತಿದ್ದ. "ಬಾಯಿ ಬಿಟ್ರೆ ಬರೀ ಬುರುಡೆ. ಅಂಬ್ಲಿಗೊಳದ ಡ್ಯಾಮಲ್ಲಿ ಮೊಸಳೆ ಹಿಡಿದೀನಿ ಅಂತಾನೆ. ಎಮ್ಮೆ ಮೈ ತೊಳಿಯಾಕೆ ಮಂಡಿಯುದ್ದ ನೀರಿಗೆ ಇಳಿಯಲ್ಲ ಈ ಮಾರಾಯ."

ರಮ್ಯ ಬಿದ್ದು ಬಿದ್ದು ನಗುತ್ತಿದ್ದಳು. ಆ ನಗುವಿಗೆ ಸುಬ್ಬಪ್ಪ ಏನು ಬೇಕಾದರೂ ಕೊಟ್ಟಾನು. ಅವನಿಗೆ ಬೇರೆ ಆಸ್ತಿಯಾದರೂ ಏನಿತ್ತು? ತನ್ನ ಹೆಸರಿನ ಪಹಣಿಯಲ್ಲಿ ಒಂದು ಎಕರೆ ಹತ್ತು ಗುಂಟೆ ಖುಷ್ಕಿ. ಮಳೆ ಬಂದರೆ ಜೋಳ, ಬರದಿದ್ದರೆ ಕಳೆ. ಮನೆಗೆ ವರ್ಷದ ಅನ್ನ ಕೊಡುತ್ತಿದ್ದದ್ದು ಅದರ ಕೆಳಗೆ ಕೆರೆಯಂಗಳದಲ್ಲಿ ಉತ್ತುಕೊಂಡಿದ್ದ ಇನ್ನೊಂದು ತುಂಡು. ಅದು ಯಾವ ಕಾಗದದಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಯಾರೂ ಕೇಳಿಯೂ ಇರಲಿಲ್ಲ.

ಜನವರಿಯಲ್ಲಿ ಶಾಲೆಗೆ ಕಲಿಕಾ ಹಬ್ಬ ಬಂತು. ಮಕ್ಕಳು ವರ್ಷವಿಡೀ ಕಲಿತದ್ದನ್ನು ಅಪ್ಪ ಅಮ್ಮ, ಅಜ್ಜ ಅಜ್ಜಿ, ಬಂದ ಅತಿಥಿಗಳು ಎಲ್ಲರ ಮುಂದೆ ಮಾಡಿ ತೋರಿಸಬೇಕು. ಎಷ್ಟೋ ಶಾಲೆಗಳಲ್ಲಿ ಅಂಗಡಿಯಿಂದ ಚಾರ್ಟು ತಂದು, ತರಕಾರಿ ಚಿತ್ರ ಅಂಟಿಸಿ, ಮಕ್ಕಳ ಬಾಯಲ್ಲಿ ನಾಲ್ಕು ಸಾಲು ಉರು ಹೊಡೆಸಿ ಕೈ ತೊಳೆದುಕೊಳ್ಳುತ್ತಾರೆ. ನಾಗವೇಣಿ ಮೇಡಂ ಆ ಪೈಕಿ ಅಲ್ಲ. ಸೊರಬದ ಕಡೆಯ ಹೆಣ್ಣುಮಗಳು, ಹಿಡಿದ ಕೆಲಸ ಬಿಡುವವರಲ್ಲ. ಐದನೇ ಕ್ಲಾಸಿಗೆ ವಿಸ್ತೀರ್ಣದ ಲೆಕ್ಕ ಮಾಡಿಸಿದ್ದರು. "ಪುಸ್ತಕದಲ್ಲಿರೋ ಆಯತ ಅಳೆದು ಏನು ಮಾಡ್ತೀರಾ? ನಮ್ಮೂರ ಕೆರೆ ಅಳೀರಿ" ಅಂದರು. ಕೆರೆ ದಾಖಲೆಯಲ್ಲಿ ಹನ್ನೊಂದು ಎಕರೆ ಎಂದು ಪಂಚಾಯ್ತಿಯಿಂದ ಬರೆಸಿಕೊಂಡೂ ಬಂದರು. ಅಳೆಯುವುದು ಹೇಗೆ? ಅದನ್ನು ಹಿರಿಯರನ್ನು ಕೇಳಿ ಬನ್ನಿ ಎಂದರು.

ಕೇಳಬೇಕೇ! ಸುಬ್ಬಪ್ಪ ಆ ರಾತ್ರಿಯ ಊಟವನ್ನೂ ನೆಟ್ಟಗೆ ಮಾಡಲಿಲ್ಲ. ಪುಂಡಿನಾರು ಹೊಸೆದು ಹಗ್ಗ ಮಾಡಿದ, ಮೂವತ್ತಮೂರು ಅಡಿಗೆ ಸರಿಯಾಗಿ ಗಂಟು ಹಾಕಿದ. "ನೋಡು ಪುಟ್ಟಿ, ಈ ಹಗ್ಗ ಒಂದು ಉದ್ದ, ಒಂದು ಅಗಲ ಬಿದ್ರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇಷ್ಟೇ ನೋಡು ಭೂಮಿ ಲೆಕ್ಕ" ಎಂದ. ಹೆಂಡತಿ ವನಜಮ್ಮ ಒಳಗಿನಿಂದ "ಇನ್ನೇನು, ನಾಳೆಯಿಂದ ಸರ್ವೆ ಆಫೀಸಿಗೇ ಹೋಗ್ರಿ ನೀವು" ಎಂದು ಕುಟುಕಿದಳು. ಅವನಿಗೆ ಅದೂ ಹೊಗಳಿಕೆಯಂತೆಯೇ ಕೇಳಿಸಿತು.

ಶನಿವಾರ ಬೆಳಿಗ್ಗೆ ಹದಿನಾಲ್ಕು ಮಕ್ಕಳು, ಒಬ್ಬರು ಮೇಡಂ, ಹಗ್ಗ ಹಿಡಿದ ಸುಬ್ಬಪ್ಪ ಕೆರೆಗೆ ಹೊರಟರು. ಅಳತೆ ಅವನ ಕಡೆಯ ದಡದಿಂದಲೇ ಶುರುವಾಯಿತು. ಅಲ್ಲಿ ಅವನ ಖುಷ್ಕಿ ಮುಗಿಯುವಲ್ಲಿ ಒಂದು ಬಾಂದುಕಲ್ಲು, ಅಂದರೆ ಸರ್ಕಾರ ಅಳೆದು ನೆಟ್ಟ ಗಡಿಕಲ್ಲು. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಹೊಲಕ್ಕೆ ಚರಗದ ಅನ್ನ ಬೀರಲು ಬಂದಾಗ ವನಜಮ್ಮ ಆ ಕಲ್ಲಿಗೂ ಅರಿಶಿನ ಕುಂಕುಮ ಹಚ್ಚಿ, ಎಡೆ ಇಟ್ಟು, ಕೈಮುಗಿದು ಹೋಗುತ್ತಿದ್ದಳು. ಅವಳ ಅತ್ತೆ ಮಾಡುತ್ತಿದ್ದಳು, ಇವಳೂ ಮಾಡುತ್ತಿದ್ದಳು. ಮೂರು ತಿಂಗಳು ಕಳೆದರೂ ಕುಂಕುಮದ ಕಲೆ ಹೋಗಿರಲಿಲ್ಲ.

"ಅಜ್ಜ, ಈ ಕಲ್ಲಿಂದ ಈಚೆ ಯಾರ್ದು?" ಎಂದು ರಮ್ಯ ನೋಟ್‌ಬುಕ್ಕು ಹಿಡಿದು ಕೇಳಿದಳು.

"ಈಚೆ ಕೆರೇದು. ಆಚೆ ನಮ್ದು."

"ಹಂಗಾದ್ರೆ ಈಚೆ ಹೆಸರು ಬಿತ್ತಿರೋರು ಯಾರು?"

ಮಕ್ಕಳೆಲ್ಲ ಅವನ ಮುಖ ನೋಡಿದರು. ಕೊಯ್ದ ಗದ್ದೆಯಲ್ಲಿ ಹೆಸರು ಎರಡೆಲೆ ಒಡೆದು ಹಸಿರಾಗಿತ್ತು. ಸುಬ್ಬಪ್ಪ ನಕ್ಕುಬಿಟ್ಟ. "ನಾನೇ ಕಣವ್ವ. ಕೆರೆ ತಾಯಿ ಕೊಟ್ಟಳು, ಉಣ್ತಾ ಇದೀವಿ. ಅಳೀರಿ, ಅದನ್ನೂ ಅಳೀರಿ" ಎಂದು ಹಗ್ಗದ ತುದಿಯನ್ನು ತಾನೇ ಹಿಡಿದು ನಡೆದ. ಎರಡು ಹಗ್ಗ ಅಗಲ, ಹನ್ನೊಂದು ಹಗ್ಗ ಉದ್ದ. ಇಪ್ಪತ್ತೆರಡು ಗುಂಟೆ. ಮೇಡಂ ಅವನ ಮುಖವನ್ನೊಮ್ಮೆ ನೋಡಿ ಅಂಕಿ ಬರೆಸಿದರು. ಈ ಮನುಷ್ಯನಿಗೆ ಬುದ್ಧಿ ಬೇಡವೇ ಅಂತ ಯಾರಿಗಾದರೂ ಅನ್ನಿಸಬೇಕು. ಆದರೆ ಹದಿನಾಲ್ಕು ಮಕ್ಕಳ ಎದುರಿಗೆ ಮೇಷ್ಟ್ರಾಗಿದ್ದವನಿಗೆ ಭೂಮಿಯ ಚಿಂತೆ ಎಲ್ಲಿಂದ ಬರಬೇಕು?

ಕೆರೆ ಸುತ್ತಿ ಬಡಗಣ ದಡಕ್ಕೆ ಬಂದರು. ಅಲ್ಲಿ ಉದ್ದಕ್ಕೂ ತಂತಿಬೇಲಿ, ಬೇಲಿಯಾಚೆ ಪರಮಶಿವಪ್ಪನವರ ಶುಂಠಿ. ಪರಮಶಿವಪ್ಪ ಅಂದರೆ ಊರಿನ ಸಾವ್ಕಾರರು. ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಮೂರು ಟ್ರ್ಯಾಕ್ಟರು, ಸಾಲದ್ದಕ್ಕೆ ಶಾಲೆಯ ಮೇಲುಸ್ತುವಾರಿ ಸಮಿತಿಗೂ ಅವರೇ ಅಧ್ಯಕ್ಷರು. ಮೂರು ಟ್ರ್ಯಾಕ್ಟರುಗಳಲ್ಲಿ ಒಂದನ್ನು ಓಡಿಸುವವನು ಸುಬ್ಬಪ್ಪನ ಮಗ, ರಮ್ಯಳ ಅಪ್ಪ ಮಾಲತೇಶ್. ಬೇಲಿಯ ಬುಡದಲ್ಲಿ, ನೀರಿಗೆ ತಾಗಿದಂತೆ, ಆ ತುದಿಗೊಂದು ಈ ತುದಿಗೊಂದು ಬಾಂದುಕಲ್ಲು ನಿಂತಿದ್ದವು. ಮಧ್ಯೆ ಹದಿನಾರು ಹಗ್ಗ.

"ಅಜ್ಜ, ಈ ಕಲ್ಲಿಗೆ ಯಾಕೆ ಯಾರೂ ಕುಂಕುಮ ಹಚ್ಚಿಲ್ಲ?"

"ಬಿಸಿಲೇರ್ತಾ ಐತಿ. ಹಗ್ಗ ಎಳೀರಿ, ಬೇಗ ಬೇಗ" ಎಂದ ಸುಬ್ಬಪ್ಪ.

ಮುಚ್ಚಿಡುವುದೇಕೆ, ಆ ಎರಡೂ ಕಲ್ಲುಗಳನ್ನು ಅಲ್ಲಿ ನೆಟ್ಟವನು ಸುಬ್ಬಪ್ಪನೇ. ಇಪ್ಪತ್ತು ವರ್ಷದ ಹಿಂದೆ ಪರಮಶಿವಪ್ಪನವರ ಮನೆಯಲ್ಲಿ ಸಂಬಳದ ಆಳಾಗಿದ್ದಾಗ, ಒಂದು ಬೇಸಿಗೆಯ ಮುಂಜಾನೆ, ಹಾರೆ ಗುದ್ದಲಿ ಕೊಟ್ಟು "ಇವೆರಡನ್ನೂ ಕಿತ್ತು ನೀರಿನ ಹತ್ರ ಹಾಕು" ಅಂದಿದ್ದರು ಸಾವ್ಕಾರರು. ಎತ್ತು ಕಟ್ಟಿ ಎಳೆಸಿದ. ಹೆಜ್ಜೆ ಎಣಿಸಿದ್ದ, ಆಳುಗಳಿಗೆ ಎಣಿಸುವ ಚಟ. ಎಂಟು ಹಗ್ಗದ ದೂರ. "ನೀನೂ ಆಚೆ ದಡದಲ್ಲಿ ಒಂದಿಷ್ಟು ಮಾಡ್ಕೋ ಸುಬ್ಬಪ್ಪ, ಕೇಳೋರು ಯಾರು" ಎಂದು ಅವರೇ ಹೇಳಿದ್ದು. ಮಾಡಿಕೊಂಡ. ಆದರೆ ತನ್ನ ದಡದ ಕಲ್ಲಿಗೆ ಮಾತ್ರ ಹಾರೆ ಹಾಕಲು ಅವನಿಗೆ ಕೈ ಬರಲಿಲ್ಲ. ಅವ್ವ ಎಡೆ ಇಟ್ಟ ಕಲ್ಲು ಅದು. ಸಾವ್ಕಾರರ ಕಲ್ಲಿಗಿಲ್ಲದ ಭಯಭಕ್ತಿ ಇದಕ್ಕೆ ಎಲ್ಲಿಂದ ಬಂತೋ. ಅಂತೂ ಊರಿನ ಗಡಿಕಲ್ಲು ಕಿತ್ತವನು ತನ್ನ ಗಡಿಕಲ್ಲನ್ನು ಪೂಜೆ ಮಾಡಿಕೊಂಡು ಬಂದ.

ಸೋಮವಾರ ಸಂಜೆ ರಮ್ಯ ಜಗಲಿಯ ಮೇಲೆ ಚೌಕುಳಿ ಹಾಳೆ ಹರಡಿಕೊಂಡು ಕೂತಳು. ಎಷ್ಟು ಸಲ ಕೂಡಿದರೂ ಲೆಕ್ಕ ಸರಿಹೋಗುತ್ತಿರಲಿಲ್ಲ. "ಅಜ್ಜ, ಈಗಿರೋ ಕೆರೆ ಏಳು ಎಕರೆ ಹತ್ತು ಗುಂಟೆ. ನಮ್ಮದು ಇಪ್ಪತ್ತೆರಡು ಗುಂಟೆ ಸೇರ್ಸಿದ್ರೆ ಏಳು ಎಕರೆ ಮೂವತ್ತೆರಡು. ದಾಖಲೇಲಿ ಹನ್ನೊಂದು ಎಕರೆ ಐತಿ. ಮೂರು ಎಕರೆ ಎಂಟು ಗುಂಟೆ ಎಲ್ಲೂ ಸಿಗ್ತಿಲ್ಲ."

"ಹಗ್ಗ ಜೋಲು ಬಿದ್ದಿರ್ತತಿ ಪುಟ್ಟಿ. ಅಷ್ಟು ಹೆಚ್ಚುಕಡಿಮೆ ಆಗೇ ಆಗ್ತತಿ."

"ಮೇಡಂನೂ ಹಂಗೇ ಅಂದ್ರು. ಅದನ್ನ ಬರೀಬೇಡ, ಬಿಡು ಅಂದ್ರು." ಪೆನ್ಸಿಲ್ ಕಚ್ಚಿ, ಹಾಳೆಯ ಅಂಚಿನಲ್ಲಿ ಏನೋ ಗೀಚಿದಳು. ಆಮೇಲೆ ಕಣ್ಣರಳಿಸಿದಳು. "ಅಜ್ಜ! ಮೂರು ಎಕರೆ ಎಂಟು ಗುಂಟೆ ಅಂದ್ರೆ ನೂರಾ ಇಪ್ಪತ್ತೆಂಟು ಗುಂಟೆ. ಬಡಗಣ ದಡ ಹದಿನಾರು ಹಗ್ಗ. ಭಾಗಿಸಿದ್ರೆ ಎಂಟು. ಆ ಎರಡು ಕಲ್ಲೂ ಎಂಟು ಹಗ್ಗ ಆಚೆ, ಶುಂಠಿ ಒಳಗೆ ಇದ್ದಿದ್ರೆ ಲೆಕ್ಕ ಸರಿಹೋಗ್ತಿತ್ತು!"

ಹತ್ತು ವರ್ಷದ ಕೂಸು, ಕೂತಲ್ಲೇ ಕೂತು, ಒಂದು ಪೆನ್ಸಿಲ್ಲಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಮುಚ್ಚಿದ ಕಲ್ಲಿನ ಗುಂಡಿಯನ್ನು ತೋಡಿ ತೆಗೆದಿದ್ದಳು. ಸುಬ್ಬಪ್ಪನಿಗೆ ಹೆಮ್ಮೆಪಡಬೇಕೋ ಓಡಿಹೋಗಬೇಕೋ ತಿಳಿಯಲಿಲ್ಲ.

"ಕಲ್ಲು ನಡೀತಾವಾ ಪುಟ್ಟಿ? ಹಗ್ಗದ್ದೇ ತಪ್ಪು" ಎಂದ.

"ಹಿರಿಯರು ಹೇಳಿದ್ಮೇಲೆ ಆಯ್ತು ಬಿಡು" ಎಂದು ಅವಳು ಹಾಳೆ ಮಡಚಿದಳು. ಅಜ್ಜನನ್ನು ನಂಬಿಬಿಟ್ಟಳು. ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಅವನಿಗೆ ಊಟ ಸೇರಲಿಲ್ಲ.

ತಿಂಗಳ ಕೊನೆಗೆ, ಹಬ್ಬದ ದಿನ, ಶಾಲೆಯ ಅಂಗಳಕ್ಕೆ ಶಾಮಿಯಾನ ಬಿತ್ತು. ಸಾವ್ಕಾರರದ್ದೇ ಖರ್ಚು. ಮಾಲತೇಶ್ ಅವರ ಟ್ರ್ಯಾಕ್ಟರಿನಲ್ಲಿ ಕುರ್ಚಿ ಹೇರಿಕೊಂಡು ಬಂದು ಇಳಿಸುತ್ತಿದ್ದ. ವನಜಮ್ಮ ಮಗನ ಮದುವೆಗೆ ತೆಗೆದ ಸೀರೆ ಉಟ್ಟುಕೊಂಡು ಮೊದಲ ಸಾಲಿನಲ್ಲೇ ಕೂತಳು. ಒಂದು ಮೂಲೆಯಲ್ಲಿ ಸಣ್ಣ ಮಕ್ಕಳು ಹುಣಸೆಬೀಜ ಜೋಡಿಸಿ ಮಗ್ಗಿ ಹೇಳುತ್ತಿದ್ದರು, ಇನ್ನೊಂದು ಕಡೆ ನಾಲ್ಕನೇ ಕ್ಲಾಸಿನವರು ಕಥೆ ಓದುತ್ತಿದ್ದರು. ತಾಯಂದಿರು ತಮ್ಮ ಮಗು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ತಟ್ಟುತ್ತಿದ್ದರು. ಅತಿಥಿಯಾಗಿ ಬಂದವರು ಚಂದ್ರಶೇಖರ್ ಎಂಬ ಕಂದಾಯ ಇಲಾಖೆಯ ಅಧಿಕಾರಿ. ಪರಮಶಿವಪ್ಪನವರೇ ಕರೆಸಿದ್ದು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ ಧರಿಸಿದ್ದ ಸಾವ್ಕಾರರು ಸಾಹೇಬರ ಪಕ್ಕ ಬಿಡದೆ, ಒಂದೊಂದೇ ಮೇಜಿನ ಮುಂದೆ ನಿಲ್ಲಿಸಿ ತೋರಿಸುತ್ತಾ ಬಂದರು.

ರಮ್ಯಳ ಸರದಿ ಬಂತು. ಗೋಡೆಗೆ ಚಾರ್ಟು, ಕೈಯಲ್ಲಿ ಕೋಲು, ಎರಡು ಜಡೆಗೂ ಕೆಂಪು ರಿಬ್ಬನ್ನು. "ಎಲ್ಲರಿಗೂ ನಮಸ್ಕಾರ. ನಾನು ರಮ್ಯ, ಐದನೇ ತರಗತಿ. ನಾವು ಅಳೆದ ನಮ್ಮೂರ ಕೆರೆಯ ಬಗ್ಗೆ ಹೇಳುತ್ತೇನೆ." ಅಂಗಳ ತುಂಬುವ ದನಿ. ಸುಬ್ಬಪ್ಪನಿಗೆ ಅಲ್ಲೇ ಕಣ್ಣು ಒದ್ದೆಯಾಯಿತು. "ಇದು ಬಾಂದುಕಲ್ಲು. ಕಲ್ಲಿನ ಈಚೆಗೆ ಇಪ್ಪತ್ತೆರಡು ಗುಂಟೆ ಒತ್ತುವರಿ ಆಗಿದೆ. ಇದನ್ನು ಉಳುತ್ತಿರುವವರು ನಮ್ಮ ಅಜ್ಜ. ಹಗ್ಗ ಹಿಡಿದು ಅಳೆದು ತೋರಿಸಿದವರೂ ನಮ್ಮ ಅಜ್ಜನೇ!"

ಜನ ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು. "ಶಭಾಷ್" ಎಂದು ಚಾರ್ಟಿನ ಹತ್ತಿರ ಬಂದು, ಕನ್ನಡಕ ಏರಿಸಿ, ಅಂಕಿಗಳನ್ನು ಓದಿದರು. ಅವರ ಹೊಟ್ಟೆಪಾಡೇ ಅದು, ಕಣ್ಣು ತಪ್ಪೀತೇ? "ಒಟ್ಟು ಹನ್ನೊಂದು ಎಕರೆ ಬರೆದಿದೀಯ. ಕೆಳಗೆ ಕೂಡಿದ್ರೆ ಎಂಟು ಎಕರೆನೂ ಬರಲ್ವಲ್ಲಮ್ಮ. ಉಳಿದದ್ದು ಎಲ್ಲಿ?"

ರಮ್ಯ ಮೇಡಂ ಕಡೆ ನೋಡಿದಳು. ನಾಗವೇಣಿ ಮೇಡಂ ನೆಲ ನೋಡುತ್ತಿದ್ದರು. "ಮೂರು ಎಕರೆ ಎಂಟು ಗುಂಟೆ ಸಿಗಲಿಲ್ಲ ಸರ್. ಅದನ್ನ ಬರೀಬೇಡ ಅಂದ್ರು. ಆದ್ರೆ ಬಡಗಣ ದಡದ ಕಲ್ಲುಗಳು ಎಂಟು ಹಗ್ಗ ಆಚೆಗಿದ್ರೆ ಲೆಕ್ಕ ಸರಿಯಾಗುತ್ತೆ ಸರ್. ನಾಲ್ಕು ಸಲ ಮಾಡಿ ನೋಡಿದೀನಿ."

ಅಂಗಳದವರೆಲ್ಲ ಸಾವ್ಕಾರರ ಕಡೆ ತಿರುಗಿದರು. ಬಡಗಣ ದಡ ಯಾರದ್ದು ಅಂತ ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಪರಮಶಿವಪ್ಪನವರು ಮಾತ್ರ ಒಂದಿಷ್ಟೂ ಅಲುಗದೆ ನಕ್ಕರು. "ಮಕ್ಕಳು ನೋಡಿ ಸಾರ್, ಹಗ್ಗ ಎಲ್ಲಿ ಹಿಡಿದ್ರೋ ಎಲ್ಲಿ ಬಿಟ್ರೋ. ಕಲ್ಲು ಮುತ್ತಾತನ ಕಾಲದಿಂದ ಅಲ್ಲೇ ಐತಿ. ನನ್ನ ಮಾತು ಬ್ಯಾಡ, ಹಳಬರನ್ನೇ ಕೇಳಿ. ಇಲ್ಲೇ ಇದಾನಲ್ಲ ಸುಬ್ಬಪ್ಪ, ಈ ಹುಡುಗಿ ಅಜ್ಜ. ಕೆರೆ ಅಂಗಳದಲ್ಲೇ ಹುಟ್ಟಿ ಬೆಳೆದೋನು."

"ಹೌದು ಸರ್!" ಎಂದು ರಮ್ಯ ಕುಣಿದುಬಿಟ್ಟಳು. "ನಮ್ಮಜ್ಜನಿಗೆ ಎಲ್ಲಾ ಗೊತ್ತು. ಪುಸ್ತಕದಲ್ಲೂ ಹಂಗೇ ಇದೆ, ಹಿರಿಯರನ್ನು ಕೇಳಿ ತಿಳಿ ಅಂತ. ಅಜ್ಜ, ಹೇಳಜ್ಜ!"

ಸುಬ್ಬಪ್ಪ ಎದ್ದು ನಿಂತ. ಸಾಹೇಬರು ನೋಡುತ್ತಿದ್ದರು. ಸಾವ್ಕಾರರು ನೋಡುತ್ತಿದ್ದರು, ಕಣ್ಣಲ್ಲಿ ನಗು ಇರಲಿಲ್ಲ. ಆಚೆ ಟ್ರ್ಯಾಕ್ಟರಿನ ಮೇಲೆ ಮಾಲತೇಶ್ ಕುರ್ಚಿ ಹಿಡಿದವನು ಹಿಡಿದ ಹಾಗೆಯೇ ನಿಂತಿದ್ದ. ಕಿತ್ತವನು ನಾನೇ ಅಂದರೆ ಆಗುತ್ತಿತ್ತು. ಎರಡೇ ಎರಡು ಮಾತು. ಆದರೆ ಆ ಮಾತಿನ ಹಿಂದೆಯೇ ಹಾರೆ ಹಿಡಿದ ಕೈ ಯಾರದ್ದು ಅಂತ ಬರುತ್ತದೆ, ಮಗನ ಕೆಲಸ ಬರುತ್ತದೆ, ನಾಳೆ ಬೆಳಗಾದರೆ ಸಾವ್ಕಾರರ ಅಂಗಳದ ಮುಂದೇ ನಡೆದು ಹೋಗಬೇಕಾದದ್ದು ಬರುತ್ತದೆ. ಹೆದರಿಕೆ ಅನ್ನುವುದು ಸಾವ್ಕಾರರ ಸಂಬಳ ತಿಂದವನ ಮೈಯಲ್ಲಿ ರಕ್ತದ ಹಾಗೆ ಓಡಾಡುತ್ತಿರುತ್ತದೆ. ಅವನು ಮೊಮ್ಮಗಳ ಮುಖ ಬಿಟ್ಟು ಉಳಿದೆಲ್ಲವನ್ನೂ ನೋಡಿದ.

"ಕಲ್ಲು ಮೊದ್ಲಿಂದ್ಲೂ ಅಲ್ಲೇ ಅದಾವೆ ಸ್ವಾಮಿ" ಎಂದ. "ಹುಡುಗಿ ಲೆಕ್ಕ ತಪ್ಪಿರ್ಬೇಕು."

"ಅಲ್ಲಜ್ಜ, ನಾಲ್ಕು ಸಲ..."

"ತಪ್ಪು ಅಂದೆನಲ್ಲ! ಸುಮ್ನಿರು." ಜನ್ಮದಲ್ಲಿ ಅವಳಿಗೆ ದನಿ ಎತ್ತಿ ಮಾತಾಡಿದವನಲ್ಲ.

ಪರಮಶಿವಪ್ಪನವರು ಮೇಡಂ ಕಡೆ ಕತ್ತು ತಿರುಗಿಸಿದರು, ಅಷ್ಟೆ. ನಾಗವೇಣಿ ಮೇಡಂ ಎದ್ದು ಬಂದರು. ಅವರಿಗೂ ಆ ಶಾಲೆಯಲ್ಲಿ ಇರಬೇಕಿತ್ತಲ್ಲ. ಕೈಯಲ್ಲಿದ್ದ ಕೆಂಪು ಪೆನ್ನಿನಲ್ಲಿ ಒಟ್ಟು ಮೊತ್ತದ ಮೇಲೆ ಅಡ್ಡಗೆರೆ ಎಳೆದರು. "ಪರವಾಗಿಲ್ಲ ರಮ್ಯ. ದೊಡ್ಡ ಲೆಕ್ಕ ಅಲ್ವಾ, ತಪ್ಪಾಗುತ್ತೆ" ಎಂದು ಅವಳ ತಲೆ ಸವರಿದರು. ರಮ್ಯ ಕೋಲು ಹಿಡಿದುಕೊಂಡೇ ನಿಂತಿದ್ದಳು. ಅಳಲಿಲ್ಲ. ತುಟಿ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು, ಒಳಗೊಳಗೇ ಇನ್ನೊಮ್ಮೆ ಕೂಡುತ್ತಿದ್ದಳೇನೋ.

"ಹಾಗಾದ್ರೆ ಒತ್ತುವರಿ ಅಂತ ಇರೋದು ಆ ಇಪ್ಪತ್ತೆರಡು ಗುಂಟೆ ಮಾತ್ರ" ಎಂದರು ಸಾಹೇಬರು. ಕೆರೆ ಒತ್ತುವರಿ ತೆರವು ಮಾಡಿ ಫೋಟೋ ಕಳಿಸಿ ಅಂತ ಅವರಿಗೂ ಮೇಲಿನಿಂದ ಒತ್ತಡ ಇತ್ತು. ಇಲ್ಲಿ ತಕರಾರಿಲ್ಲ, ಕೋರ್ಟಿಲ್ಲ, ಉಳುವವನೇ ಹಗ್ಗ ಹಿಡಿದು ಒಪ್ಪಿದ್ದಾನೆ. "ಏನ್ರೀ ಸುಬ್ಬಪ್ಪ, ಬಿಟ್ಟುಕೊಡ್ತೀರಾ?"

ಈಗಲಾದರೂ ಸಾವ್ಕಾರರು ಒಂದು ಮಾತು ಆಡುತ್ತಾರೆ ಅಂತ ಸುಬ್ಬಪ್ಪ ಅವರ ಮುಖ ನೋಡಿದ. ಈಗ ತಾನೇ ಅವರ ಮಾನ ಉಳಿಸಿದವನು. ಸಾವ್ಕಾರರು ಆಡಿದರು. "ತೆಗೆಸಿಬಿಡಿ ಸಾರ್. ಕೆರೆ ಊರಿನ ಆಸ್ತಿ. ಕಾನೂನು ಎಲ್ಲರಿಗೂ ಒಂದೇ ಅಲ್ವಾ?" ಎಂದು ತಾವೇ ಮೊದಲು ಚಪ್ಪಾಳೆ ತಟ್ಟಿದರು. ಊರಿಗೆ ಊರೇ ತಟ್ಟಿತು. ರಮ್ಯಳಿಗೆ ಮೊದಲ ಬಹುಮಾನ ಅಂತ ಒಂದು ಕಂಪಾಸ್ ಪೆಟ್ಟಿಗೆ ಕೊಟ್ಟರು, ಸಾವ್ಕಾರರ ಕೈಯಿಂದಲೇ. ಫೋಟೋದಲ್ಲಿ ಸುಬ್ಬಪ್ಪನನ್ನೂ ನಿಲ್ಲಿಸಿಕೊಂಡರು.

ಒಂಬತ್ತನೇ ದಿನ ಜೆಸಿಬಿ ಬಂತು. ಹೆಸರು ಹೂ ಬಿಟ್ಟಿತ್ತು, ಇನ್ನೊಂದು ತಿಂಗಳಿದ್ದಿದ್ದರೆ ಕಾಯಿ ಬಿಡಿಸಬಹುದಿತ್ತು. "ಇಷ್ಟು ದಿನ ತಡ್ಕೊಂಡೋರು ಇನ್ನೊಂದು ತಿಂಗಳು ತಡ್ಕೊಳ್ರಪ್ಪ" ಎಂದು ವನಜಮ್ಮ ಸೆರಗೊಡ್ಡಿ ಕೇಳಿದಳು. ಡ್ರೈವರು ಏನು ಮಾಡಿಯಾನು, ಅವನಿಗೆ ಗಂಟೆಗೆ ಇಷ್ಟು ಅಂತ ಲೆಕ್ಕ. ಬಾಂದುಕಲ್ಲಿನ ಗುಂಟ ಆಳುದ್ದ ಕಂದಕ ಹೊಡೆದು, ಮಣ್ಣನ್ನು ಹೆಸರಿನ ಮೇಲೇ ಹರಡಿ ಹೋದ. ಕುಂಕುಮದ ಕಲ್ಲು ಮಾತ್ರ ಕಂದಕದ ದಂಡೆಯ ಮೇಲೆ ಅಲುಗದೆ ನಿಂತಿತ್ತು. ಬಡಗಣ ದಡದಲ್ಲಿ ಶುಂಠಿಗೆ ನೀರು ಹಾಯಿಸುವ ಮೋಟಾರಿನ ಸದ್ದು ಕೇಳಿಸುತ್ತಿತ್ತು. ಸಾವ್ಕಾರರು ದಾರಿಯಲ್ಲಿ ಸಿಕ್ಕಿದಾಗ "ಮಾಲತೇಶನ ಕೆಲ್ಸಕ್ಕೇನೂ ತೊಂದ್ರೆ ಇಲ್ಲ ಬಿಡು" ಎಂದು ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿ ಹೋದರು.

ಆ ಮಧ್ಯಾಹ್ನ ವನಜಮ್ಮ ಸೊಸೈಟಿ ಅಕ್ಕಿಯ ಅನ್ನ ಬಡಿಸಿದಳು. ರಮ್ಯಳೂ ಪಕ್ಕದಲ್ಲೇ ಕೂತಿದ್ದಳು. ಹಬ್ಬದ ದಿನದಿಂದ ಅವಳು ಮಾತು ಕಡಿಮೆ ಮಾಡಿದ್ದಳು, ಲೆಕ್ಕದ ಪುಸ್ತಕ ಮುಟ್ಟಿರಲಿಲ್ಲ. ಸುಬ್ಬಪ್ಪ ಒಂದು ತುತ್ತು ಬಾಯಿಗಿಟ್ಟು "ಈ ಅಕ್ಕಿಗೆ ಎಂಥದೋ ವಾಸ್ನೆ ಐತಲ್ಲೇ" ಎಂದ. ಅದೊಂದನ್ನು ಅವನು ಅನ್ನಬಾರದಿತ್ತು.

"ವಾಸ್ನೆನಾ? ಬರ್ಲಿ! ಇನ್ಮೇಲೆ ಇದೇ ಉಣ್ಬೇಕು" ಎಂದು ವನಜಮ್ಮ ಸ್ಟೀಲ್ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ಅವರ ಕಲ್ಲು ಕಿತ್ತು ಎಂಟು ಹಗ್ಗ ಎಳೆದು ಕೊಟ್ಟೋರು ನೀವು. ಮೂರು ಎಕರೆ ಅವರಿಗೆ ಉಳೀತು, ಇಪ್ಪತ್ತೆರಡು ಗುಂಟೆ ನಮಗೆ ಹೋತು. ಸಭೆ ಒಳಗೆ ಬಾಯಿ ಬಿಡಾಕಾಗ್ದೆ ಕೂಸಿನ ತಲೆ ಮೇಲೆ ತಪ್ಪು ಹೊರಿಸಿ ಬಂದ್ರಲ್ಲ, ಗಂಡಸಾ ನೀವು?"

ಆಡಿಬಿಟ್ಟ ಮೇಲೆ ಅವಳಿಗೂ ಕೂಸು ಅಲ್ಲೇ ಇರುವುದು ನೆನಪಾಯಿತು. ಬಾಯಿಗೆ ಸೆರಗು ಹಿಡಿದಳು. ರಮ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟಳು.

"ಎಂಟು ಹಗ್ಗಾನಾ ಅಜ್ಜ?"

ಸುಬ್ಬಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. "ಹೂಂ" ಎಂದ.

"ಹಂಗಾದ್ರೆ ನನ್ನ ಲೆಕ್ಕ ಸರಿ ಇತ್ತು."

"ಸರಿ ಇತ್ತು ಪುಟ್ಟಿ. ನಿಂದು ಸರಿ ಇತ್ತು. ನಿಮ್ಮಪ್ಪನ ಕೆಲ್ಸ... ನಾನೂ ಹೆದರ್ದೆ..." ಏನೇನೋ ಹೇಳಲು ಹೋದ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಎದ್ದು ಕೈ ತೊಳೆದುಕೊಂಡು, ಚೀಲದಿಂದ ಹಬ್ಬದ ಚಾರ್ಟು ತೆಗೆದು, ಕೆಂಪು ಗೆರೆಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಾನೇ ಒಂದು ಸಣ್ಣ ಸರಿ ಗುರುತು ಹಾಕಿ ಮಡಚಿಟ್ಟಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಅವಳು ಅತ್ತಿದ್ದರೆ ಸಮಾಧಾನ ಮಾಡುವ ನೆಪದಲ್ಲಾದರೂ ಹತ್ತಿರ ಕೂರಬಹುದಿತ್ತು.

ಆಮೇಲೆ ಮನೆ ಎಂದಿನಂತೆಯೇ ನಡೆಯಿತು. "ಅಜ್ಜ, ಊಟಕ್ಕೆ ಬಾ" ಅನ್ನುತ್ತಿದ್ದಳು, "ಅಜ್ಜ, ದನ ಬಂತು" ಅನ್ನುತ್ತಿದ್ದಳು. ಹೊರಗಿನವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಸಂಜೆ ಮಾತ್ರ ಸುಬ್ಬಪ್ಪ ಬಾಯಿ ಮುಕ್ಕಳಿಸಿ, ಟವೆಲ್ಲು ಸರಿಮಾಡಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದ. ಅವಳು ಒಳಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. "ಏನಾದ್ರೂ ಕೇಳಿದಾರಾ ಪುಟ್ಟಿ ಇವತ್ತು?" ಎಂದರೆ "ಏನಿಲ್ಲಜ್ಜ" ಅನ್ನುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿರಬೇಕು, ಪ್ರಶ್ನೆ ಇರಲಿಕ್ಕಿಲ್ಲ ಅಂತ ಅವನು ಸಮಾಧಾನ ಮಾಡಿಕೊಂಡ.

ಮಾರ್ಚ್ ತಿಂಗಳ ಒಂದು ಸಂಜೆ ಅವಳು ಪುಸ್ತಕ ಹಿಡಿದು ಹೊರಗೆ ಬಂದಳು. ಸುಬ್ಬಪ್ಪ ಬಾಯಲ್ಲಿದ್ದ ಎಲೆಯಡಿಕೆ ಅವಸರದಲ್ಲಿ ಉಗಿದು ಜರುಗಿ ಜಾಗ ಮಾಡಿದ. ಅವಳು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿ, ರಸ್ತೆ ದಾಟಿ ಎದುರು ಮನೆಗೆ ಹೋದಳು.

"ಮಾರಪ್ಪಜ್ಜ, ಒಂದು ಪ್ರಶ್ನೆ" ಎಂದಳು.

ಮಾರಪ್ಪ ಈ ಕಡೆ ಒಮ್ಮೆ ನೋಡಿದ. ನಂಬಲಾರದೆ ಇನ್ನೊಮ್ಮೆ ನೋಡಿದ. "ಬಾ ಬಾ, ಕೂತ್ಕೋ ಕೂಸೇ! ಕೇಳು, ಏನು ಬೇಕಾದ್ರೂ ಕೇಳು!"

"ಹಿಂದಿನ ಕಾಲದ ಅಳತೆಗಳು. ಒಂದು ಖಂಡುಗಕ್ಕೆ ಎಷ್ಟು ಕೊಳಗ? ಹಿರಿಯರನ್ನು ಕೇಳಿ ಬರೆ ಅಂತ ಇದೆ."

ಇಪ್ಪತ್ತು. ಸುಬ್ಬಪ್ಪನ ನಾಲಿಗೆಯ ತುದಿಗೆ ಬಂತು. ಕಣದಲ್ಲಿ ಕೊಳಗ ಹಿಡಿದು ಭತ್ತ ಅಳೆದ ಕೈ ಅವನದ್ದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾನು. ಮಾರಪ್ಪ ಆಕಾಶ ನೋಡಿದ, ಗಡ್ಡ ಕೆರೆದುಕೊಂಡ. "ಹನ್ನೆರಡು" ಎಂದ. "ಬರ್ಕೋ, ಹನ್ನೆರಡು ಕೊಳಗ."

ಸುಬ್ಬಪ್ಪ ತಡೆಯಲಾರದೆ ಎದ್ದು ನಿಂತ. ರಮ್ಯ ತಲೆ ಎತ್ತಿ ರಸ್ತೆಯಾಚೆಯಿಂದ ಅವನನ್ನು ನೋಡಿದಳು. ಹೇಳಿದರೆ ಕೇಳಿಸಿಕೊಳ್ಳುತ್ತಾಳೆ ಅನ್ನುವಷ್ಟು ಹೊತ್ತು ನೋಡಿದಳು. ಯಾವ ಬಾಯಲ್ಲಿ ಹೇಳುವುದು? ಅವನು ಟವೆಲ್ಲು ಸರಿಮಾಡಿಕೊಂಡು ಮತ್ತೆ ಕೂತ. ಅವಳು ತಲೆ ತಗ್ಗಿಸಿ ಹನ್ನೆರಡು ಎಂದು ಬರೆದುಕೊಂಡಳು.